ಅಲ್ಸಾಸ್‌ನ ಇಳಿಜಾರಿನಲ್ಲಿ ಅಪ್ಪ

ಅಪ್ಪ ಮೊದಲು ನೋಡಿದ್ದು ಬಳ್ಳಿಯ ಬುಡವನ್ನು. ಕೆಳಗೆ ಟುರ್ಕೈಮ್ ಊರಿನ ಹೆಂಚಿನ ಮಾಡುಗಳು, ಬೆನ್ನಿಗೆ ವೋಜ್ ಬೆಟ್ಟಸಾಲು, ಎದುರಿಗೆ ರೈನ್ ನದಿಯವರೆಗೂ ಹರಡಿದ ಬಯಲು. ಅದಾವುದಕ್ಕೂ ತಲೆಯೆತ್ತದೆ ಅವರು ಮೊಣಕಾಲೂರಿ ಕುಳಿತರು. ನೆಲದಿಂದ ಒಂದು ಗೇಣಿನೊಳಗೆ ಕಾಂಡ ಗಂಟುಕಟ್ಟಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿ, "ಕಸಿ. ಇವರೂ ಕಸಿ ಕಟ್ಟಿದ್ದಾರೆ" ಎಂದರು.

ನಮ್ಮದು ವಿಜಯಪುರ ಜಿಲ್ಲೆ, ತಿಕೋಟಾ ಕಡೆಯ ಹಳ್ಳಿ. ನಾಲ್ಕು ಎಕರೆ ಥಾಮ್ಸನ್ ಸೀಡ್‌ಲೆಸ್ ದ್ರಾಕ್ಷಿ. ಅಷ್ಟೂ ಹಣ್ಣು ಶೆಡ್ಡಿನ ಬಲೆಗಳ ಮೇಲೆ ಒಣಗಿ ಒಣದ್ರಾಕ್ಷಿಯಾಗುತ್ತದೆ. ನಾಲ್ಕು ಕಿಲೋ ಹಸಿ ಹಣ್ಣಿಗೆ ಒಂದು ಕಿಲೋ. ನಾನು ಫ್ರಾನ್ಸಿನ ಪೂರ್ವದಂಚಿನ ಅಲ್ಸಾಸ್ ಸೀಮೆಯ ಸ್ಟ್ರಾಸ್‌ಬರ್ಗ್‌ನಲ್ಲಿ ಕೆಲಸಕ್ಕೆ ಸೇರಿ ಆರು ವರ್ಷ. ಅಪ್ಪ ಬಂದದ್ದು ಇದೇ ಮೊದಲು, ಅದೂ ಸೆಪ್ಟೆಂಬರ್ ಕೊನೆಯಲ್ಲಿ, ಬಳ್ಳಿಗೆ ಕತ್ತರಿ ಹಾಕುವ ಅಕ್ಟೋಬರ್ ಚಾಟ್ನಿ ಶುರುವಾಗುವ ಮುನ್ನ ಊರು ಸೇರಬೇಕೆಂಬ ಕರಾರಿನ ಮೇಲೆ. ಚರ್ಚು, ಕಾಲುವೆ, ಮರದ ಚೌಕಟ್ಟಿನ ಹಳೆಯ ಮನೆಗಳನ್ನೆಲ್ಲ ತೋರಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಇಲ್ಲಿ ದ್ರಾಕ್ಷಿ ಬೆಳೆಯುತ್ತಾರಂತಲ್ಲ?"

ನಾನು ಹಿಂಜರಿದೆ. ನಮ್ಮ ಮನೆಯಲ್ಲಿ ಮದ್ಯ ಹೊಸಿಲು ದಾಟಿದ್ದಿಲ್ಲ. ಇಲ್ಲಿ ಬಂದ ಮೇಲೆ ನಾನು ವೈನಿನ ರುಚಿ ಕಲಿತದ್ದನ್ನು ಅಪ್ಪನಿಗೆ ಹೇಳಿರಲಿಲ್ಲ. ಹೇಳದೆ ಇದ್ದದ್ದು ಒಂದು ಭಾರವಾಗಿಯೇ ಇತ್ತು. ಆದರೂ ಸಹೋದ್ಯೋಗಿಯೊಬ್ಬರ ಚಿಕ್ಕಪ್ಪನ ತೋಟಕ್ಕೆ ಫೋನ್ ಮಾಡಿದೆ. ಕೋಲ್ಮಾರ್‌ವರೆಗೆ ಅರ್ಧ ಗಂಟೆಯ ರೈಲು, ಅಲ್ಲಿಂದ ಮನ್‌ಸ್ಟೆರ್ ಕಣಿವೆಗೆ ಹೋಗುವ ಪುಟ್ಟ ರೈಲಿನಲ್ಲಿ ಟುರ್ಕೈಮ್. ಹಿಂದಿನ ರಾತ್ರಿಯೇ ಎಣ್ಣೆಗಾಯಿ ಮಾಡಿಟ್ಟಿದ್ದೆ. ಅವ್ವ ಕಳಿಸಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಹೇಗೂ ಇದ್ದವು.

ಯಜಮಾನರಿಗೆ ಅಪ್ಪನಷ್ಟೇ ವಯಸ್ಸು. ಕೈಗಳೂ ಹಾಗೆಯೇ, ಉಗುರಿನ ಅಂಚಿನ ಕಪ್ಪು ಎಷ್ಟು ತೊಳೆದರೂ ಹೋಗದ ಕೈಗಳು. ಅಪ್ಪ ಕಸಿಯ ಗಂಟನ್ನು ಮುಟ್ಟಿದ್ದು ನೋಡಿ ಅವರ ಮುಖ ಅರಳಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಮೆರಿಕದಿಂದ ಬಂದ ಫಿಲಾಕ್ಸೆರಾ ಎಂಬ ಬೇರುಹೇನು ಫ್ರಾನ್ಸಿನ ತೋಟಗಳನ್ನು ತಿಂದು ಹಾಕಿದ ಕಥೆ ಹೇಳಿದರು. ಉಳಿದ ದಾರಿ ಒಂದೇ ಆಗಿತ್ತು: ಆ ಹೇನನ್ನು ತಡೆದುಕೊಳ್ಳುವ ಅಮೆರಿಕದ ಬಳ್ಳಿಯ ಬೇರಿನ ಮೇಲೆ ತಮ್ಮ ಜಾತಿಯ ಕಸಿ. ನಾನು ಕನ್ನಡಕ್ಕೆ ತಂದು ಮುಗಿಸುವ ಮೊದಲೇ ಅಪ್ಪ, "ಡಾಗ್‌ರಿಡ್ಜ್" ಎಂದರು. ನಮ್ಮ ಕಡೆ ಥಾಮ್ಸನ್ ಕಟ್ಟುವುದು ಅದರ ಮೇಲೆಯೇ, ಉಪ್ಪುನೀರು ಮತ್ತು ಬರ ತಾಳಿಕೊಳ್ಳಲಿ ಎಂದು. ಅದೂ ಅಮೆರಿಕದ ಬೇರೇ. ಆ ಒಂದು ಶಬ್ದ ಯಜಮಾನರಿಗೆ ಅರ್ಥವಾಯಿತು. ಅಲ್ಲಿಂದ ಮುಂದೆ ಅರ್ಧ ಮಾತಿಗೆ ನಾನು ಬೇಕಾಗಲೇ ಇಲ್ಲ.

ಎಲೆಯ ಮೇಲಿನ ನೀಲಿ ಕಲೆಯನ್ನು ತೋರಿಸಿ ಅಪ್ಪ "ಬೋರ್ಡೋ?" ಎಂದರು. ಮೈಲುತುತ್ತ, ಸುಣ್ಣ ಕಲಸಿದ ಆ ದ್ರಾವಣವನ್ನು ಅವರು ನಲವತ್ತು ವರ್ಷದಿಂದ ಸಿಂಪಡಿಸಿದ್ದಾರೆ. ಬೋರ್ಡೋ ಎಂಬುದು ಇದೇ ದೇಶದ ಊರೆಂದೂ, 1880ರ ದಶಕದಲ್ಲಿ ಡೌನಿ ಎಂಬ ಬೂಷ್ಟು ರೋಗಕ್ಕೆ ಅಲ್ಲಿನ ತೋಟಗಳಲ್ಲಿಯೇ ಆ ಮದ್ದು ಹುಟ್ಟಿತೆಂದೂ ಅವರಿಗೆ ಗೊತ್ತಾದದ್ದು ಆಗ. ತುಸು ಹೊತ್ತು ಸುಮ್ಮನೆ ನಿಂತರು. ಆಮೇಲೆ, "ಡ್ರಿಪ್ ಎಲ್ಲಿ?" ಎಂದು ಕೇಳಿದರು.

ಡ್ರಿಪ್ ಇರಲಿಲ್ಲ. ಈ ಬಳ್ಳಿಗಳಿಗೆ ಯಾರೂ ನೀರು ಹಾಯಿಸುವುದಿಲ್ಲ ಎಂದಾಗ ಅಪ್ಪ ನನ್ನ ಅನುವಾದವನ್ನೇ ಅನುಮಾನಿಸಿದರು. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಕೊಂಡು ಬಳ್ಳಿ ಉಳಿಸಿಕೊಂಡವರು ಅವರು. ಅವ್ವನ ಬಳೆ ಹೋದದ್ದು ಹಾಗೆಯೇ. ಯಜಮಾನರು ಪಶ್ಚಿಮದ ಬೆಟ್ಟಸಾಲಿನ ಕಡೆ ಕೈ ತೋರಿದರು. ಅಟ್ಲಾಂಟಿಕ್ ಕಡೆಯಿಂದ ಬರುವ ಮೋಡಗಳು ವೋಜ್ ಬೆಟ್ಟಗಳ ಆಚೆಗೇ ಸುರಿದುಬಿಡುತ್ತವೆ. ಈಚೆಗಿನ ಕೋಲ್ಮಾರ್ ಸೀಮೆ ಫ್ರಾನ್ಸಿನಲ್ಲೇ ಅತ್ಯಂತ ಒಣ ಪ್ರದೇಶಗಳಲ್ಲೊಂದು. ವರ್ಷದ ಮಳೆ 600 ಮಿಲಿಮೀಟರ್ ಆಸುಪಾಸು. ಸಹ್ಯಾದ್ರಿ ಮಳೆ ತಿಂದುಕೊಂಡು ನಮಗೆ ಉಳಿಸುವುದೂ ಹೆಚ್ಚುಕಡಿಮೆ ಅಷ್ಟೇ. ಇಲ್ಲಿ ಬಿಸಿಲು ನೀರನ್ನು ನಮ್ಮಷ್ಟು ಹೀರುವುದಿಲ್ಲ, ಬೇರು ಬಂಡೆಯ ಬಿರುಕಿನಲ್ಲಿ ಆಳಕ್ಕೆ ಇಳಿಯುತ್ತದೆ. ಅಪ್ಪ ಒಂದು ಹಿಡಿ ಮಣ್ಣು ತೆಗೆದರು. ಕಪ್ಪು ಅಭ್ರಕ ಮಿನುಗುವ ಗ್ರಾನೈಟ್ ಪುಡಿ. ಗುಡ್ಡದ ಹೆಸರು ಬ್ರಾಂಡ್, ಬೆಂಕಿ ಎಂದು ಅರ್ಥ. ಸೂರ್ಯನೊಡನೆ ಕಾದಾಡಿದ ಡ್ರ್ಯಾಗನ್ ಇಲ್ಲಿಯ ನೆಲದೊಳಗೆ ಹೊಕ್ಕಿತೆಂದು ಊರಿನ ಕಥೆ. ಅಲ್ಸಾಸ್‌ನಲ್ಲಿ ಗ್ರಾಂ ಕ್ರೂ ಎಂಬ ಮರ್ಯಾದೆ ಪಡೆದ 51 ಇಳಿಜಾರುಗಳಲ್ಲಿ ಇದೂ ಒಂದು. ಅಂಗೈ ಕೊಡವಿಕೊಳ್ಳುತ್ತಾ ಅಪ್ಪ, "ನಮ್ಮ ಮಡ್ಡಿಯಂತೆಯೇ ಬಡ ನೆಲ" ಎಂದರು. ಅವರ ಬಾಯಲ್ಲಿ ಅದು ಹೊಗಳಿಕೆ.

ಇಳಿಜಾರಿನ ಕೆಳತುದಿಯಲ್ಲಿ ಗೆವುರ್ಜ್‌ಟ್ರಮಿನರ್ ಎಂಬ ಜಾತಿಯ ದ್ರಾಕ್ಷಿಯ ಸಾಲುಗಳಿದ್ದವು. ಅದರಿಂದ ತೆಗೆಯುವುದು ಬಿಳಿ ವೈನ್, ಹಣ್ಣಿನ ಸಿಪ್ಪೆ ಮಾತ್ರ ನಸುಗೆಂಪು. ಗೆವುರ್ಜ್ ಎಂದರೆ ಮಸಾಲೆ. ಅಪ್ಪ ಒಂದು ಹಣ್ಣು ಬಾಯಿಗಿಟ್ಟು ಬೀಜ ಉಗಿದರು. ಕಣ್ಣು ಮುಚ್ಚಿ "ಇಪ್ಪತ್ತಮೂರು" ಎಂದರು. ಅದು ಬ್ರಿಕ್ಸ್, ರಸದ ಸಿಹಿಗೆ ನಮ್ಮ ಕಡೆಯ ಅಳತೆ. ಯಜಮಾನರು ಜೇಬಿನಿಂದ ಸಿಹಿ ಅಳೆಯುವ ರಿಫ್ರಾಕ್ಟೋಮೀಟರ್ ತೆಗೆದು ಗಾಜಿನ ಮೇಲೆ ರಸ ಹಿಂಡಿ ಬೆಳಕಿಗೆ ಹಿಡಿದರು. ಅವರ ಅಳತೆ ಬೇರೆ, ಹುದುಗಿದರೆ ಎಷ್ಟು ಆಲ್ಕೋಹಾಲ್ ಬರಬಹುದು ಎಂಬ ಲೆಕ್ಕ. ಲೀಟರಿಗೆ ಹದಿನೇಳು ಗ್ರಾಂ ಸಕ್ಕರೆಗೆ ಒಂದು ಡಿಗ್ರಿ. ಹದಿಮೂರೂವರೆ ತೋರಿಸುತ್ತಿತ್ತು. ಮೊಬೈಲ್‌ನಲ್ಲಿ ಲೆಕ್ಕ ಹಾಕಿದೆ: ಬ್ರಿಕ್ಸ್‌ನಲ್ಲಿ ಇಪ್ಪತ್ತಮೂರಕ್ಕೆ ಕೂದಲೆಳೆಯ ಅಂತರ. ಯಜಮಾನರು ಟೋಪಿ ತೆಗೆದರು.

ಒಂದೇ ಒಂದು ಕಡೆ ಅಪ್ಪ ಒಪ್ಪಲಿಲ್ಲ. ತುದಿಯ ಎರಡು ಸಾಲುಗಳನ್ನು ಕೊಯ್ಯದೆ ಬಿಟ್ಟಿದ್ದರು. ಮಂಜು ಬಿದ್ದು, ಬೊಟ್ರಿಟಿಸ್ ಎಂಬ ಬೂಷ್ಟು ಹತ್ತಿ, ಹಣ್ಣಿನ ನೀರು ಹಾರಿ ರಸ ಗಟ್ಟಿಯಾಗಲಿ ಎಂದು. ಹಾಗೆ ಬೂಷ್ಟು ಹಿಡಿದ ಹಣ್ಣನ್ನೇ ಆರಿಸಿ ಮಾಡುವ ಸಿಹಿ ವೈನಿಗೆ 1984ರಿಂದ ಪ್ರತ್ಯೇಕ ಕಾನೂನೇ ಇದೆ, ಬೆಲೆಯೂ ಎಲ್ಲಕ್ಕಿಂತ ಹೆಚ್ಚು. ಅಪ್ಪನ ಕೈ ತನ್ನಷ್ಟಕ್ಕೆ ಮುಂದೆ ಹೋಗಿ ಕೊಳೆತ ಗೊನೆಯನ್ನು ಕೀಳಲು ನೋಡಿತು. ನಾನು ಹಿಡಿದುಕೊಂಡೆ. ನೀರು ಹಾರಿಸಿ ಸಿಹಿ ಕೂಡಿಸುವುದು ನಮ್ಮ ಶೆಡ್ಡಿನ ಕೆಲಸವೂ ಅಲ್ಲವೇ ಎಂದೆ. "ನಾವು ಕೊಳೆಯಲು ಬಿಡುವುದಿಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು.

ಊಟಕ್ಕೆ ಅಂಗಳದ ವಾಲ್‌ನಟ್ ಮರದ ಕೆಳಗೆ ಮೇಜು ಹಾಕಿದ್ದರು. ನಾನು ಹೆದರಿದ್ದ ಗಳಿಗೆ ಬಂತು. ಹಸಿರು ಕಾಂಡದ ಗಾಜಿನ ಲೋಟಗಳು, ಉದ್ದ ಕತ್ತಿನ ತೆಳ್ಳಗಿನ ಬಾಟಲಿಗಳು. ಯಜಮಾನರು ನನಗೆ ರೀಸ್ಲಿಂಗ್ ಎಂಬ ಬಿಳಿ ವೈನ್ ಸುರಿದರು. ಅಪ್ಪನ ಲೋಟಕ್ಕೆ, ನಾನು ಮೊದಲೇ ಹೇಳಿದ್ದರಿಂದ, ಆ ಬೆಳಿಗ್ಗೆ ಹಿಂಡಿದ ಇನ್ನೂ ಹುದುಗದ ರಸ. ನಾನು ಲೋಟ ಮುಟ್ಟಲಿಲ್ಲ. ಅಪ್ಪ ನನ್ನನ್ನೇ ನೋಡಿ ಹೇಳಿದರು: "ವರ್ಷವಿಡೀ ದುಡಿದು ಮಾಡಿದ್ದು. ರುಚಿ ನೋಡದೆ ಎದ್ದರೆ ಅವರಿಗೆ ನೋವಾಗುತ್ತದೆ." ಕುಡಿದೆ. ಕೈ ನಡುಗುತ್ತಿತ್ತು. ನಿಂಬೆಯ ಹುಳಿ, ಕಲ್ಲಿನ ತಂಪು, ಒಂದು ಚೂರೂ ಸಿಹಿಯಿಲ್ಲದ ನೇರವಾದ ವೈನ್.

ಈ ಸೀಮೆಯವರು ಹುಳಿ ಬರಿಸಿದ ಎಲೆಕೋಸು ಮತ್ತು ಹಂದಿಮಾಂಸದ ಶೂಕ್ರೂಟ್‌ಗೆ ಈ ರೀಸ್ಲಿಂಗ್ ಇಡುತ್ತಾರೆ. ಕೊಬ್ಬನ್ನು ಹುಳಿ ಕತ್ತರಿಸುತ್ತದೆ. ವಸಂತದ ಆಸ್ಪರಾಗಸ್‌ಗೆ ಸಿಹಿಯಿಲ್ಲದ ಮಸ್ಕಾ ವೈನ್, ಅಣಬೆಗೆ ಪಿನೋ ಗ್ರಿ ವೈನ್. ಇವೆಲ್ಲ ನನಗೆ ಗೊತ್ತಿದ್ದ ಜೋಡಿಗಳು. ಎಣ್ಣೆಗಾಯಿಗೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಯಜಮಾನರು ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿಂದು ರೀಸ್ಲಿಂಗ್ ಕುಡಿದರು, ಕೆಮ್ಮಿದರು. ಖಾರದ ಮೇಲೆ ಆಲ್ಕೋಹಾಲ್ ಬಿದ್ದರೆ ಉರಿ ಏರುತ್ತದೆ, ಅದಕ್ಕೆ ಹುಳಿಯೂ ಸೇರಿತ್ತು. ಅವರು ಸೋಲಲಿಲ್ಲ. ನೆಲಮಾಳಿಗೆಗೆ ಇಳಿದು ಗೆವುರ್ಜ್‌ಟ್ರಮಿನರ್ ತಂದರು, ಚೀಟಿಯ ಮೇಲೆ ಅರೆಸಿಹಿ ಎಂದು ಬರೆದದ್ದು. ಇಲ್ಲಿ 2021ರ ಬೆಳೆಯಿಂದ ಸಿಹಿಯ ಮಟ್ಟವನ್ನು ಹೀಗೆ ಬರೆಯುವುದು ಕಡ್ಡಾಯ.

ಲೋಟದಿಂದ ಗುಲಾಬಿ ಮತ್ತು ಲಿಚಿ ಹಣ್ಣಿನ ವಾಸನೆ ಎದ್ದಿತು. ಎಣ್ಣೆಗಾಯಿಯ ತುತ್ತು, ಮೇಲೊಂದು ಗುಟುಕು. ವೈನಿನ ಸಿಹಿ ಮೆಣಸಿನಕಾಯಿಯ ಉರಿಯ ಮೇಲೆ ತುಪ್ಪದಂತೆ ಹರಡಿತು. ಹುಳಿ ಕಡಿಮೆಯಾದ್ದರಿಂದ ಕಾದಾಟವಿಲ್ಲ. ಉರಿ ಇಳಿದ ಮೇಲೆ ಹುರಿದ ಎಳ್ಳು, ಶೇಂಗಾ, ಒಣಕೊಬ್ಬರಿ ಒಂದೊಂದಾಗಿ ಬೇರೆ ಬೇರೆ ತಿಳಿಯತೊಡಗಿದವು. ಅವ್ವನ ಮಸಾಲೆಯಲ್ಲಿ ಇಷ್ಟೆಲ್ಲ ಇದೆಯೆಂದು ನನಗೆ ಮೂವತ್ತನಾಲ್ಕು ವರ್ಷ ಗೊತ್ತೇ ಇರಲಿಲ್ಲ. ಆಮೇಲೆ ಪಕ್ಕದ ಕಣಿವೆಯ ಮನ್‌ಸ್ಟೆರ್ ಚೀಸ್ ಬಂತು, ಮೇಲೆ ಜೀರಿಗೆಯಂಥ ಕಾಳು ಉದುರಿಸಿದ್ದು. ಇಲ್ಲಿ ಗೆವುರ್ಜ್‌ಟ್ರಮಿನರ್‌ಗೆ ಮೊದಲಿನಿಂದಲೂ ಅದೇ ಸಂಗಾತಿ. ಕರುವಿನ ಜಠರದ ರೆನೆಟ್ ಹಾಕಿ ಹೆಪ್ಪುಗಟ್ಟಿಸಿದ್ದೆಂದು ಅಪ್ಪನಿಗೆ ಹೇಳಿದೆ, ಅವರು ತಟ್ಟೆ ಸರಿಸಿದರು. ಯಜಮಾನರು ಮರುಮಾತಿಲ್ಲದೆ ವಾಲ್‌ನಟ್ ಒಡೆದು ಅವರ ಮುಂದಿಟ್ಟರು. ಅಪ್ಪ ಚೀಲದಿಂದ ನಮ್ಮ ತೋಟದ ಒಣದ್ರಾಕ್ಷಿ ತೆಗೆದರು. ಇಬ್ಬರೂ ಅವೆರಡನ್ನೂ ಬೆರೆಸಿ ತಿನ್ನುತ್ತಾ ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು.

ಸಂಜೆಯ ರೈಲಿನಲ್ಲಿ ಅಪ್ಪ ತಮ್ಮನಿಗೆ ಫೋನ್ ಮಾಡಿ, ಮಳೆ ನಿಂತಿದ್ದರೂ ತಾನು ಬರುವವರೆಗೆ ಕತ್ತರಿ ಹಾಕಬೇಡ ಎಂದರು. ನಂತರ ಜೇಬಿನ ಡೈರಿ ತೆಗೆದು ಆ ಮಸಾಲೆ ದ್ರಾಕ್ಷಿಯ ಹೆಸರು ಬರೆದುಕೊಡು ಎಂದು ನನಗೆ ಕೊಟ್ಟರು. ಕನ್ನಡದಲ್ಲಿ ಬರೆದೆ. ಒತ್ತಕ್ಷರಗಳನ್ನು ಬೆರಳಿಟ್ಟು ಎರಡು ಸಲ ಓದಿಕೊಂಡು, ಕೆಳಗೆ ತಮ್ಮ ಅಕ್ಷರದಲ್ಲಿ ಸೇರಿಸಿದರು: ಕಸಿ ಬುಡ, ಅಮೆರಿಕದ್ದೇ. ನೀರು ಇಲ್ಲ. ಬ್ರಿಕ್ಸ್ 23.