ದಡ ಸೇರಿದ ಮೇಲಿನ ಅಪಾಯ

ಎರಡನೆಯ ಮಹಾಯುದ್ಧದ ಸರಕು ಹಡಗುಗಳ ಕಥೆ ಓದುವಾಗ ನಡುಗಡಲಿನ ಗಂಡಾಂತರವೇ ಮೊದಲು ಕಣ್ಣಿಗೆ ಕಟ್ಟುತ್ತದೆ. 1942ರ ಜುಲೈ 4ರಂದು, ರಷ್ಯಾಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಪಿಕ್ಯೂ 17 ಎಂಬ ಹಡಗುಗಳ ತಂಡಕ್ಕೆ ಬ್ರಿಟಿಷ್ ನೌಕಾಪಡೆಯ ವರಿಷ್ಠರು ಚದುರಿಹೋಗುವಂತೆ ಆಜ್ಞೆ ಮಾಡಿದರು. ಬೆಂಗಾವಲು ಕಳೆದುಕೊಂಡ ಆ ತಂಡದ ಸರಕು ಹಡಗುಗಳ ಪೈಕಿ ಒಟ್ಟು 24 ಮುಳುಗಿದವು. ಅವುಗಳಲ್ಲಿದ್ದ ನಾವಿಕರಲ್ಲಿ ಹೆಚ್ಚಿನವರು ಸೈನಿಕರಲ್ಲ, ಸಂಬಳಕ್ಕೆ ದುಡಿಯುವ ಸಾಮಾನ್ಯರು. ಹಡಗು ಮುಳುಗಿದ ದಿನಕ್ಕೇ ನಾವಿಕನ ಸಂಬಳ ನಿಲ್ಲುವ ಪದ್ಧತಿ ಬ್ರಿಟನ್ನಿನಲ್ಲಿ 1941ರವರೆಗೂ ಇತ್ತೆಂಬುದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಆದರೆ ನನ್ನನ್ನು ಹೆಚ್ಚು ಕಾಡುವುದು ಕಡಲನ್ನು ದಾಟಿ ಬಂದು, ಬಂದರಿನಲ್ಲಿ ಲಂಗರು ಹಾಕಿದ ಮೇಲೆ ನಾಶವಾದ ಹಡಗುಗಳು. ಇಟಲಿಯ ಬಾರಿ ಎಂಬ ಬಂದರಿನಲ್ಲಿ ಜಾನ್ ಹಾರ್ವೆ ಎಂಬ ಅಮೆರಿಕದ ಹಡಗು ಸರಕಿಳಿಸುವ ಸರದಿಗಾಗಿ ದಿನಗಟ್ಟಲೆ ಕಾದಿತ್ತು. ಅದರಲ್ಲಿ ಸಾಸಿವೆ ಅನಿಲವೆಂಬ, ಮೈ ಬೊಕ್ಕೆಯೇಳಿಸುವ ವಿಷದ ಬಾಂಬುಗಳಿದ್ದುದು ಗುಟ್ಟಾಗಿದ್ದ ಕಾರಣ, ತುರ್ತಾಗಿ ಇಳಿಸಿರೆಂದು ಬಾಯಿಬಿಟ್ಟು ಕೇಳುವಂತಿರಲಿಲ್ಲ. 1943ರ ಡಿಸೆಂಬರ್ 2ರ ರಾತ್ರಿ ಜರ್ಮನ್ ವಿಮಾನಗಳ ದಾಳಿಯಲ್ಲಿ ಹಡಗು ಸಿಡಿದಾಗ ವಿಷಯ ಬಲ್ಲವರೂ ಅದರೊಡನೆ ಹೋದರು. ಮೈಯೆಲ್ಲ ಬೊಕ್ಕೆಯೆದ್ದು ಬಂದವರಿಗೆ ಏನಾಗಿದೆಯೆಂಬುದು ಆಸ್ಪತ್ರೆಯ ವೈದ್ಯರಿಗೆ ತಿಳಿಯಲಿಲ್ಲ.

ನಾಲ್ಕೇ ತಿಂಗಳ ನಂತರ ಮುಂಬಯಿಯಲ್ಲಿ ನಡೆದ ದುರಂತಕ್ಕೆ ಶತ್ರುವಿನ ಕೈಯೂ ಬೇಕಾಗಲಿಲ್ಲ. 1944ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಕನ್‌ಹೆಡ್ ಬಿಟ್ಟ ಫೋರ್ಟ್ ಸ್ಟಿಕೀನ್ ಹಡಗಿನಲ್ಲಿ ಸುಮಾರು 1,400 ಟನ್ ಸಿಡಿಮದ್ದು ಇತ್ತು, ಚಿನ್ನದ ಗಟ್ಟಿಗಳೂ ಇದ್ದವು. ಕರಾಚಿಯಲ್ಲಿ ವಿಮಾನಗಳನ್ನು ಇಳಿಸಿ ತೆರವಾದ ಜಾಗಕ್ಕೆ ಸಾವಿರಾರು ಹತ್ತಿಯ ಅಂಡಿಗೆಗಳನ್ನೂ ಎಣ್ಣೆಯ ಪೀಪಾಯಿಗಳನ್ನೂ ತುಂಬಿದರು. ಒಳಗೊಳಗೇ ಹೊಗೆಯಾಡುವ ಹತ್ತಿಯನ್ನು ಸಿಡಿಮದ್ದಿರುವ ಹಡಗಿಗೆ ಹೇರುವುದು ಎಂಥ ಅವಿವೇಕ! ಯುದ್ಧಕಾಲದಲ್ಲಿ ಹಡಗುಗಳ ಅಭಾವವಿತ್ತು, ಖಾಲಿ ಜಾಗವನ್ನು ಹಾಗೆಯೇ ಬಿಡುವಂತಿರಲಿಲ್ಲ ಎಂಬ ಸಮಜಾಯಿಷಿ ನನಗೆ ಅರ್ಥವಾಗುತ್ತದೆ, ಒಪ್ಪಿಗೆಯಾಗುವುದಿಲ್ಲ.

ಏಪ್ರಿಲ್ 12ರಂದು ಹಡಗು ವಿಕ್ಟೋರಿಯಾ ಡಾಕ್ ಸೇರಿತು. ಎರಡು ದಿನ ಕಳೆದರೂ ಸಿಡಿಮದ್ದಿನ ಬಹುಪಾಲು ಒಳಗೇ ಇತ್ತು. 14ರ ಮಧ್ಯಾಹ್ನ ಎರಡನೆಯ ಸರಕು ಕೋಣೆಯಿಂದ ಹೊಗೆ ಎದ್ದಿತು. ಅಗ್ನಿಶಾಮಕರು ಟನ್ನುಗಟ್ಟಲೆ ನೀರು ಸುರಿದರೂ ದಟ್ಟ ಹೊಗೆಯಲ್ಲಿ ಬೆಂಕಿಯ ಮೂಲ ಕಾಣಲಿಲ್ಲ. ಹಡಗನ್ನು ಅಲ್ಲಿಯೇ ಮುಳುಗಿಸಬೇಕೇ, ಹೊರಗಿನ ಸಮುದ್ರಕ್ಕೆ ಎಳೆದೊಯ್ಯಬೇಕೇ ಎಂಬ ಚರ್ಚೆ ನಡೆಯಿತು. ಆದರೆ ಖಚಿತವಾಗಿ ಅಪ್ಪಣೆ ಕೊಡುವವರಿರಲಿಲ್ಲ. ನಾಲ್ಕು ಗಂಟೆ ದಾಟುತ್ತಿದ್ದಂತೆ ಮೊದಲ ಸ್ಫೋಟ, ಅರ್ಧ ಗಂಟೆಯೊಳಗೆ ಎರಡನೆಯದು. ಪಕ್ಕದಲ್ಲಿದ್ದ ಜಲಪದ್ಮ ಎಂಬ ಹಡಗು ಎಗರಿ ದಡದ ಗೋದಾಮಿನ ಮೇಲೆ ಬಿತ್ತು. ಸತ್ತವರ ಸಂಖ್ಯೆಯನ್ನು 800ರಿಂದ 1,300ರವರೆಗೆ ಅಂದಾಜು ಮಾಡಲಾಗಿದೆ. ಕರ್ತವ್ಯದಲ್ಲಿದ್ದ 66 ಅಗ್ನಿಶಾಮಕರ ನೆನಪಿಗಾಗಿ ಆ ದಿನವನ್ನು ಇಂದಿಗೂ ಅಗ್ನಿಶಾಮಕ ಸೇವಾ ದಿನವೆಂದು ದೇಶವು ಆಚರಿಸುತ್ತದೆ.

ಸಿಡಿಮದ್ದು ಹೊತ್ತ ಹಡಗು ಬಂದರಿನಲ್ಲಿದ್ದಾಗ ಎಚ್ಚರಿಕೆಗಾಗಿ ಕೆಂಪು ಬಾವುಟ ಏರಿಸುವುದು ವಾಡಿಕೆಯಾಗಿತ್ತು. ಅಂದು ಫೋರ್ಟ್ ಸ್ಟಿಕೀನ್‌ನಲ್ಲಿ ಆ ಬಾವುಟ ಏರಲಿಲ್ಲ. ಸುತ್ತಲಿನ ಹಡಗುಗಳಲ್ಲಿದ್ದ ಖಲಾಸಿಗಳೂ ಹಮಾಲರೂ ಅದನ್ನು ಬರಿಯ ಹತ್ತಿಯ ಬೆಂಕಿಯೆಂದೇ ತಿಳಿದಿದ್ದರು.