ಕೌನ್ಸಿಲ್ ನಮ್ಮನ್ನು ಫರ್ಲೋ ಮಾಡಿದಾಗ

ಕೊರೊನಾ ಟೈಮಲ್ಲಿ ಇಂಗ್ಲೆಂಡಿನ ಕೌನ್ಸಿಲ್‌ನವರು, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಸಂಸ್ಥೆಯ ನೌಕರರು, ಮನೆಯಲ್ಲಿ ಕೂತು ಸಂಬಳ ಎಣಿಸಿದರು ಎಂಬ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. ಇಲ್ಲಿರುವ ನಮ್ಮ ಕನ್ನಡದವರ ಬಾಯಲ್ಲೂ ಕೇಳಿದ್ದೇನೆ. ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಕೌನ್ಸಿಲ್‌ನ ಹೆಚ್ಚಿನವರಿಗೆ ಫರ್ಲೋ, ಅಂದರೆ ಕೆಲಸದಿಂದ ತೆಗೆಯದೆ ಮನೆಗೆ ಕಳಿಸಿ ಸರ್ಕಾರದ ನೆರವಿನಲ್ಲಿ ಸಂಬಳ ಕೊಡುವ ಏರ್ಪಾಡು, ಇರಲೇ ಇಲ್ಲ. ಕಸದ ಲಾರಿಯವರು ದಿನಾ ಬರುತ್ತಿದ್ದರು, ವಯಸ್ಸಾದವರನ್ನು ನೋಡಿಕೊಳ್ಳುವವರು ಮನೆಮನೆಗೆ ಹೋಗುತ್ತಲೇ ಇದ್ದರು, ಸ್ಮಶಾನದಲ್ಲಿ ಕೆಲಸ ಮಾಡುವವರಿಗಂತೂ ಪುರುಸೊತ್ತೇ ಇರಲಿಲ್ಲ. ಮನೆಗೆ ಕಳಿಸಿದ್ದು ನಮ್ಮಂಥ ಕೆಲವರನ್ನು ಮಾತ್ರ.

ನಾನು ಆಗ ನಮ್ಮೂರಿನ ಕೌನ್ಸಿಲ್ ನಡೆಸುವ ಲೀಷರ್ ಸೆಂಟರ್‌ನ ರಿಸೆಪ್ಶನ್‌ನಲ್ಲಿ ಪಾರ್ಟ್ ಟೈಮ್ ಕೆಲಸ ಮಾಡುತ್ತಿದ್ದೆ. ಈಜುಕೊಳ, ಜಿಮ್, ಬ್ಯಾಡ್ಮಿಂಟನ್ ಹಾಲ್ ಎಲ್ಲ ಒಂದೇ ಕಟ್ಟಡದಲ್ಲಿ. 2020ರ ಮಾರ್ಚ್ 20, ಶುಕ್ರವಾರ. ಪಬ್, ಥಿಯೇಟರ್, ಜಿಮ್, ಲೀಷರ್ ಸೆಂಟರ್ ಎಲ್ಲ ಆ ರಾತ್ರಿಯಿಂದಲೇ ಬಂದ್ ಎಂದು ಆಗಿನ ಪ್ರಧಾನಿ ಬೋರಿಸ್ ಜಾನ್ಸನ್ ಹೇಳಿದರು. ಅದೇ ದಿನ ಆಗಿನ ಹಣಕಾಸು ಮಂತ್ರಿ ರಿಷಿ ಸುನಕ್ ಫರ್ಲೋ ಯೋಜನೆ ಪ್ರಕಟಿಸಿದರು. ಕೆಲಸಗಾರರ ಸಂಬಳದ ಶೇ. 80ರಷ್ಟು, ತಿಂಗಳಿಗೆ ಹೆಚ್ಚೆಂದರೆ 2,500 ಪೌಂಡ್, ಸರ್ಕಾರವೇ ಕೊಡುತ್ತದೆ. ಕೆಲಸದಿಂದ ತೆಗೆಯಬೇಡಿ, ಅಷ್ಟೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಇದು ತಲೆಗೇ ಹೋಗಲಿಲ್ಲ. 'ಕೌನ್ಸಿಲ್ ಅಂದ್ರೆ ನಮ್ಮ ನಗರಸಭೆ ತರ ತಾನೇ, ಸರ್ಕಾರಿ ಕೆಲಸದವರಿಗೆ ಮತ್ತೆ ಸರ್ಕಾರ ಯಾಕೆ ದುಡ್ಡು ಕೊಡಬೇಕು?' ಎಂದಳು. ಸರಿಯಾದ ಪ್ರಶ್ನೆಯೇ. ಸರ್ಕಾರದ ದುಡ್ಡಿನಲ್ಲಿ ಸಂಬಳ ಕೊಡುವ ಸಂಸ್ಥೆಗಳು ಫರ್ಲೋಗೆ ಕೈ ಹಾಕಬಾರದು ಎಂದೇ ನಿಯಮ ಹೇಳುತ್ತಿತ್ತು. ಆದರೆ ಕೌನ್ಸಿಲ್‌ಗೆ ಬರುವ ದುಡ್ಡೆಲ್ಲ ಸರ್ಕಾರದ ಅನುದಾನ, ಮನೆ ತೆರಿಗೆಯಿಂದಲೇ ಬರುವುದಿಲ್ಲ. ಈಜುಕೊಳದ ಟಿಕೆಟ್, ಪಾರ್ಕಿಂಗ್ ಫೀಸು, ಥಿಯೇಟರ್ ಟಿಕೆಟ್, ಮ್ಯೂಸಿಯಂ ಕೆಫೆಯ ಚಹಾ ಇವುಗಳಿಂದಲೂ ಬರುತ್ತದೆ. ಬಾಗಿಲು ಮುಚ್ಚಿದ ದಿನವೇ ಆ ಆದಾಯ ನಿಂತಿತು. ಹಾಗಾಗಿ ಫೀಸಿನ ದುಡ್ಡಿನಲ್ಲಿ ಯಾರ ಸಂಬಳ ನಡೆಯುತ್ತಿತ್ತೋ ಅವರನ್ನಷ್ಟೇ ಫರ್ಲೋ ಮಾಡಬಹುದಿತ್ತು. ಎದುರಿನ ಲೈಬ್ರರಿಯ ಬಾಗಿಲೂ ಮುಚ್ಚಿತ್ತು. ಅಲ್ಲಿಯ ಸಂಬಳ ತೆರಿಗೆ ದುಡ್ಡಿನದು, ಅವರಿಗೆ ಫರ್ಲೋ ಇಲ್ಲ. ಅವರನ್ನು ಫೋನ್ ಮುಂದೆ ಕೂರಿಸಿದರು, ಮನೆಯಿಂದ ಹೊರಗೆ ಬರಲಾಗದ ಕಾಯಿಲೆಯವರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಔಷಧಿ ಇದೆಯಾ, ಊಟಕ್ಕೆ ಏನಿದೆ ಎಂದು ವಿಚಾರಿಸುವ ಕೆಲಸ.

ನಮಗೆ ಬಂದಿದ್ದು ಒಂದು ಪತ್ರ. ನಿಮ್ಮ ಕೆಲಸ ಹೋಗಿಲ್ಲ, ಆದರೆ ಫರ್ಲೋ ಇರುವಷ್ಟು ದಿನ ಕೌನ್ಸಿಲ್‌ಗಾಗಿ ಯಾವ ಕೆಲಸವನ್ನೂ ಮಾಡುವ ಹಾಗಿಲ್ಲ, ಒಪ್ಪಿದರೆ ಸಹಿ ಮಾಡಿ ಕಳಿಸಿ ಎಂದಿತ್ತು. ಆಫೀಸಿನ ಇಮೇಲ್‌ಗೆ ಉತ್ತರ ಕೊಡುವುದೂ ಕೆಲಸವೇ ಅಂತ ಮ್ಯಾನೇಜರ್ ಆಮೇಲೆ ಹೇಳಿದರು. ಉಳಿದ ಶೇ. 20 ಅನ್ನು ಕೌನ್ಸಿಲ್ ತಾನೇ ತುಂಬಿ ಕೊಡುವುದಾಗಿಯೂ ಬರೆದಿತ್ತು. ಅದನ್ನು ಓದಿ ಎಷ್ಟು ಸಮಾಧಾನ ಆಯಿತೆಂದರೆ ಹೇಳಲಾರೆ. ತುಂಬಿ ಕೊಡಲೇಬೇಕು ಎಂಬ ಕಾನೂನು ಇರಲಿಲ್ಲ. ಆ ಏಪ್ರಿಲ್‌ನಲ್ಲಿ 25 ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 8.72 ಪೌಂಡ್ ಆಗಿತ್ತು. ಕೆಲಸವೇ ಮಾಡದ ಗಂಟೆಗಳಿಗೆ ಆ ಕನಿಷ್ಠ ಕೂಲಿಯ ಲೆಕ್ಕ ಬರುವುದಿಲ್ಲ, ಹಾಗಾಗಿ ಅದರ ಶೇ. 80 ಮಾತ್ರ ಕೊಟ್ಟರೂ ತಪ್ಪಲ್ಲ. ಆ ದುಡ್ಡಲ್ಲಿ ಬಾಡಿಗೆ ಕಟ್ಟುವುದು ಹೇಗೆ? ಈ ಒಂದು ವಿಷಯದಲ್ಲಿ ನಮ್ಮ ಕೌನ್ಸಿಲ್ ದೊಡ್ಡ ಮನಸ್ಸು ಮಾಡಿತು, ಅದನ್ನು ಮರೆಯಲಾರೆ.

ವೀಸಾದ ಮೇಲೆ ಇರುವವರಿಗೆ ಇನ್ನೊಂದು ಭಯ ಇತ್ತು. ನಮ್ಮ ವೀಸಾದಲ್ಲಿ ಸರ್ಕಾರದ ನೆರವು ತಗೊಳ್ಳಬಾರದು ಎಂಬ ಷರತ್ತು ಇರುತ್ತದಲ್ವಾ, ಫರ್ಲೋ ತಗೊಂಡರೆ ಮುಂದೆ ತೊಂದರೆ ಆಗುತ್ತಾ ಎಂದು ಎಷ್ಟೋ ಜನ ಕೇಳುತ್ತಿದ್ದರು. ಆಗಲಿಲ್ಲ. ಆ ದುಡ್ಡನ್ನು ಅಂಥ ನೆರವಿನ ಲೆಕ್ಕಕ್ಕೆ ಹಿಡಿಯುವುದಿಲ್ಲ ಎಂದು ತೆರಿಗೆ ಇಲಾಖೆ ಸ್ಪಷ್ಟವಾಗಿ ಹೇಳಿತ್ತು.

ಮುಚ್ಚಿದ ಈಜುಕೊಳ ಸುಮ್ನೆ ಇರುವುದಿಲ್ಲ. ಯಾರೂ ಈಜದಿದ್ದರೂ ಪಂಪ್ ಓಡಿಸಿ ನೀರನ್ನು ಫಿಲ್ಟರ್ ಮೂಲಕ ತಿರುಗಿಸುತ್ತಿರಬೇಕು, ಕ್ಲೋರಿನ್ ನೋಡುತ್ತಿರಬೇಕು, ಶವರ್ ನಲ್ಲಿಗಳನ್ನು ಆಗಾಗ ಬಿಟ್ಟು ನೀರು ಹರಿಸಬೇಕು, ಇಲ್ಲದಿದ್ದರೆ ಪೈಪಿನಲ್ಲಿ ನಿಂತ ನೀರಿನಲ್ಲಿ ಲೀಜನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಅದಕ್ಕೆಂದು ಇಬ್ಬರನ್ನು ಉಳಿಸಿಕೊಂಡರು. ಇನ್ನು ಕೆಲವು ಜಿಮ್ ಹುಡುಗರನ್ನು ಫರ್ಲೋ ಮಾಡದೆ ಆಹಾರದ ಪೆಟ್ಟಿಗೆ ತುಂಬುವ ಕೆಲಸಕ್ಕೆ ಹಾಕಿದರು. ನಾನೂ ಬರುತ್ತೇನೆ ಎಂದು ಕೇಳಿದೆ. ಆಗಲ್ಲ ಎಂದರು. ಕೌನ್ಸಿಲ್‌ಗೆ ಒಂದು ಗಂಟೆ ಪೆಟ್ಟಿಗೆ ಹೊತ್ತರೂ ನನ್ನ ಫರ್ಲೋ ಕ್ಲೇಮ್ ಹೋಗುತ್ತಿತ್ತು. ಬೇರೆ ಸಂಸ್ಥೆಗೆ ಬಿಟ್ಟಿಯಾಗಿ ಕೆಲಸ ಮಾಡಬಹುದಿತ್ತು, ಹಾಗಾಗಿ ಒಂದು ಗುರುದ್ವಾರದ ಅಡುಗೆಮನೆಗೆ ಹೋಗಿ ಚಪಾತಿ ಲಟ್ಟಿಸಿದೆ. ಸ್ವಲ್ಪ ಗಂಟೆ ಕೆಲಸ, ಉಳಿದ ಗಂಟೆಗೆ ಫರ್ಲೋ ಎಂಬ ಅವಕಾಶ ಬಂದಿದ್ದು ಜುಲೈ 1ಕ್ಕೆ. ಅದು ಏಪ್ರಿಲ್‌ನಲ್ಲೇ ಬರಬೇಕಿತ್ತು. ಜನ ಬೇಕಾಗಿದ್ದದ್ದು ಆಗ.

ನನಗೆ ಈಗಲೂ ನೋವಾಗುವುದು ಕ್ಯಾಶುವಲ್ ಕೆಲಸದವರನ್ನು ನೆನೆಸಿಕೊಂಡಾಗ. ಮಕ್ಕಳಿಗೆ ಈಜು ಕಲಿಸುವವರಲ್ಲಿ ಅರ್ಧಕ್ಕರ್ಧ ಅವರೇ. ಇಷ್ಟೇ ಗಂಟೆ ಕೆಲಸ ಎಂಬ ಖಾತ್ರಿ ಇಲ್ಲ, ಕ್ಲಾಸ್ ಇದ್ದರೆ ಕಾಸು. ನಮ್ಮ ಜೊತೆ ಒಬ್ಬಳು ಹುಡುಗಿ ಇದ್ದಳು, ನೀರಿಗೆ ಹೆದರಿ ಅಳುವ ಮಕ್ಕಳನ್ನು ಅವಳ ಕೈಗೇ ಕೊಡುತ್ತಿದ್ದರು. ಅವಳ ಪಕ್ಕದಲ್ಲೇ ನಿಂತು ಅದೇ ಪಾಠ ಹೇಳುವ ಪರ್ಮನೆಂಟ್ ಟೀಚರ್‌ಗೆ ಪೂರ್ತಿ ಸಂಬಳ ಬಂತು. ಇವಳಿಗೆ ಮೊದಲೇ ಬುಕ್ ಆಗಿದ್ದ ಒಂದಿಷ್ಟು ಶಿಫ್ಟಿನ ದುಡ್ಡು ಕೊಟ್ಟು ಕೈತೊಳೆದುಕೊಂಡರು. ಯೋಜನೆಯಲ್ಲಿ ಇಂಥವರಿಗೂ ಜಾಗ ಇತ್ತು. ಹಿಂದಿನ ವರ್ಷದ ಅದೇ ತಿಂಗಳ ಗಳಿಕೆ ಅಥವಾ ವರ್ಷದ ಸರಾಸರಿ, ಯಾವುದು ಜಾಸ್ತಿಯೋ ಅದರ ಶೇ. 80 ಎಂದು ಲೆಕ್ಕ ಹಾಕುವ ಕ್ರಮವನ್ನೂ ಕೊಟ್ಟಿದ್ದರು. ಶೇ. 80 ಕ್ಲೇಮ್ ಮಾಡಿದ್ದರೆ ಸಂಬಳದ ಆ ಭಾಗ ಕೌನ್ಸಿಲ್ ಕೈಯಿಂದ ಹೋಗುತ್ತಿರಲಿಲ್ಲ. ಅರ್ಜಿಗೆ ಹೆಸರು ಸೇರಿಸಬೇಕಿತ್ತು, ಸೇರಿಸಲಿಲ್ಲ. ಹೊಸಬರನ್ನು ಫರ್ಲೋಗೆ ಹಾಕಲು ಜೂನ್ 10 ಕೊನೆಯ ದಿನ. ಅದೂ ದಾಟಿಹೋಯಿತು. ಯೂನಿಯನ್‌ನವರು ಪತ್ರ ಬರೆದರು, ಪರಿಶೀಲಿಸುತ್ತೇವೆ ಎಂಬ ಉತ್ತರ ಬಂತು.

ಕೌನ್ಸಿಲ್‌ಗಳೂ ಕಷ್ಟದಲ್ಲಿದ್ದವು, ಅದನ್ನೂ ಹೇಳಬೇಕು. ಹೋದ ಫೀಸಿನ ಆದಾಯವನ್ನು ಸ್ವಲ್ಪ ತುಂಬಿಕೊಡುತ್ತೇವೆ ಎಂದು ಸರ್ಕಾರ ಹೇಳಿದ್ದು ಜುಲೈನಲ್ಲಿ. ಬರಬೇಕಿದ್ದ ಆದಾಯದ ಶೇ. 5ರವರೆಗಿನ ನಷ್ಟ ಕೌನ್ಸಿಲ್‌ನದು, ಅದರ ಮೇಲಿನ ಪ್ರತಿ ಪೌಂಡಿಗೆ 75 ಪೆನ್ಸ್ ಸರ್ಕಾರದ್ದು. ಆದರೆ ಕಷ್ಟದಲ್ಲಿ ಇದ್ದವರು ಪುಕ್ಕಟೆ ಸಿಗುವ ನೆರವನ್ನು ತಮ್ಮದೇ ಜನರಿಗೆ ಯಾಕೆ ತಪ್ಪಿಸಬೇಕು? ಫರ್ಲೋ ಯೋಜನೆ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಅಷ್ಟರಲ್ಲಿ ಒಂದು ಕೋಟಿ 17 ಲಕ್ಷ ಕೆಲಸಗಳಿಗೆ ಸುಮಾರು 7,000 ಕೋಟಿ ಪೌಂಡ್ ಹೋಗಿತ್ತು. ಅದರಲ್ಲಿ ಆ ಹುಡುಗಿಯ ಪಾಲು ಎಷ್ಟಾಗುತ್ತಿತ್ತು ಹೇಳಿ.

2020ರ ಜುಲೈ 25ರಿಂದ ಇಂಗ್ಲೆಂಡಿನಲ್ಲಿ ಒಳಾಂಗಣ ಈಜುಕೊಳಗಳನ್ನು ತೆರೆಯಲು ಬಿಟ್ಟರು. ನಾವು ವಾಪಸ್ ಹೋದೆವು. ಅವಳು ಬರಲಿಲ್ಲ, ಅಷ್ಟರಲ್ಲಿ ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿ ಹಿಡಿದಿದ್ದಳು. ಅವಳಂತೆ ಇನ್ನೂ ಕೆಲವರು ಬರಲಿಲ್ಲ. ಕಲಿಸುವವರು ಸಾಲದೆ ಮಕ್ಕಳ ಕ್ಲಾಸಿಗೆ ಹೆಸರು ಬರೆಸಿ ತಿಂಗಳುಗಟ್ಟಲೆ ಕಾಯುವ ಹಾಗಾಯಿತು. ಯಾಕೆ ಇಷ್ಟು ತಡ ಎಂದು ಅಪ್ಪ ಅಮ್ಮಂದಿರು ರಿಸೆಪ್ಶನ್‌ಗೆ ಬಂದು ಕೇಳುತ್ತಿದ್ದರು. ಟೀಚರ್ ಯಾಕೆ ಇಲ್ಲ ಎಂಬುದನ್ನು ನಿಮ್ಮ ವಾರ್ಡಿನ ಕೌನ್ಸಿಲರ್‌ಗೆ ಬರೆದು ಕೇಳಿ ಎಂದು ನಾನು ವಿಳಾಸ ಕೊಟ್ಟು ಕಳಿಸುತ್ತಿದ್ದೆ.