ಅಡುಗೆಮನೆಯಿಂದ ಬಂದ ಪ್ರಶ್ನೆ

ಬೆಳಿಗ್ಗೆ ಹೆಡ್‌ಫೋನ್ ಚಾರ್ಜ್ ಇರಲಿಲ್ಲ. ಹಾಗಾಗಿ ಸ್ಪೀಕರ್‌ನಲ್ಲೇ ಹಾಕಿದೆ. ಸಂಗೀತ ರಚನೆಕಾರ ಆರ್ವೊ ಪ್ಯಾರ್ಟ್ ಅವರ 'ತೆ ದೇಉಂ'.

ಅರ್ಧ ನಿಮಿಷ ಆಗಿರಲಿಲ್ಲ, ಅಮ್ಮ ಒಳಗಿಂದಲೇ ಕೇಳಿದರು: "ಯಾರದೋ ಕಛೇರಿ? ಶ್ರುತಿ ಹಿಡಿದು ಕೂತಿದ್ದಾರೆ, ಹಾಡೋದೇ ಇಲ್ಲವಲ್ಲ!"

ಎಷ್ಟು ಸಲ ಕೇಳಿದ್ದೀನಿ, ನನಗಿದು ಹೊಳೆದೇ ಇರಲಿಲ್ಲ ನೋಡಿ.

ಅದು ತಂಬೂರಿ ಅಲ್ಲ. ಗಾಳಿಗೆ ತಾನೇ ನುಡಿಯುವ ಹಾರ್ಪ್ ಅನ್ನುವ ತಂತಿವಾದ್ಯ, ಟೇಪಿನಲ್ಲಿ ಹಿಡಿದಿಟ್ಟ ಧ್ವನಿ. ಎಸ್ಟೋನಿಯಾದ ಈ ಮನುಷ್ಯ 1984-85ರಲ್ಲಿ ಒಂದು ಜರ್ಮನ್ ರೇಡಿಯೋಗೆ ಬರೆದ ಕೃತಿ. ಮಾತು ಮಾತ್ರ ಚರ್ಚಿನ ತುಂಬಾ ಹಳೆಯ ಲ್ಯಾಟಿನ್ ಸ್ತುತಿ. ಮೂರು ಗಾಯಕವೃಂದ, ತಂತಿವಾದ್ಯಗಳು, ಜೊತೆಗೆ ತಂತಿಗಳ ನಡುವೆ ಏನೇನೋ ಸಿಕ್ಕಿಸಿ ನಾದ ಕೆಡಿಸಿದ, ಅಲ್ಲ, ಬದಲಿಸಿದ ಪಿಯಾನೋ.

ಕೆಳಗೆ ಆ ಗುಂಯ್ ಅನ್ನುವ ಶ್ರುತಿ. ಮೇಲೆ ಒಂದು ದನಿ ಮೆಟ್ಟಿಲು ಹತ್ತಿ ಇಳಿದ ಹಾಗೆ ಪಕ್ಕಪಕ್ಕದ ಸ್ವರಗಳಲ್ಲೇ ಓಡಾಡುತ್ತದೆ. ಇನ್ನೊಂದು ದನಿಗೆ ಮೂರೇ ಸ್ವರ, ಗಂಟೆಯ ಹಾಗೆ. ಎರಡೂ ಸೇರಿದಾಗ ಒಮ್ಮೊಮ್ಮೆ ಚುರುಕ್ ಅಂತ ತಿಕ್ಕಾಡಿ, ತಕ್ಷಣ ತಣ್ಣಗಾಗುತ್ತವೆ. ಆ ಚುರುಕಿಗೇ ನಾನು ಕಾಯೋದು. ಹೀಗೆ ಎರಡು ದನಿ ಹೆಣೆಯುವ ಶೈಲಿಗೆ ಟಿಂಟಿನ್ನಾಬುಲಿ ಅಂತ ಹೆಸರು. ಬಾಯಿಗೆ ಕಷ್ಟ, ಕಿವಿಗೆ ಸುಲಭ.

ಸುಮಾರು ಅರ್ಧ ಗಂಟೆಯ ಸಂಗೀತ. ಮಧ್ಯದಲ್ಲಿ ಎಲ್ಲರೂ ಒಟ್ಟಿಗೆ ಎದ್ದು ಹಾಡುವ ಜಾಗ ಬಂತು. ಅಮ್ಮ ಸೌಟು ಹಿಡಿದೇ ಬಾಗಿಲಿಗೆ ಬಂದು ನಿಂತರು.

"ಹಾಂ, ಈಗ ಶುರು ಮಾಡಿದರು ನೋಡು" ಅಂದರು.

ಸಾರು ಸ್ವಲ್ಪ ತಳ ಹಿಡಿದಿದೆ. ಯಾರೂ ಮಾತಾಡಿಲ್ಲ.